ಕಣ್ಣಿಗೆ ಹಸಿರು, ಕಾಲಿಗೆ ಬೇಲಿ: ಕೊಡಗಿನ ಊರುಗಳಿಗೆ ಉದ್ಯಾನ ಎಲ್ಲಿ?

ಕೊಡಗಿನ ಪಟ್ಟಣಗಳಿಗೆ ಉದ್ಯಾನ ಬೇಕು ಎಂದರೆ ಬಯಲುಸೀಮೆಯ ನೆಂಟರು ನಗುತ್ತಾರೆ. ಸುತ್ತ ಕಾಫಿ ತೋಟ, ಅದರಾಚೆ ಕಾಡು, ಮೇಲೆ ಮಂಜು. ಇಡೀ ಜಿಲ್ಲೆಯೇ ಉದ್ಯಾನದಂತಿರುವಾಗ ಇನ್ನೊಂದಕ್ಕೆ ದುಡ್ಡು ಸುರಿಯುವುದೇಕೆ ಎಂಬುದು ಅವರ ವಾದ. ಬೇಸರದ ಸಂಗತಿಯೆಂದರೆ ಇದೇ ವಾದವನ್ನು ನಮ್ಮವರೂ ಒಪ್ಪಿಕೊಂಡಿದ್ದಾರೆ. ಮಡಿಕೇರಿಯ ಯಾವುದಾದರೂ ಬಡಾವಣೆಯಲ್ಲಿ ಸಂಜೆ ಐದು ಗಂಟೆಗೆ ಮಗುವೊಂದು ಚೆಂಡು ಹಿಡಿದು ಮನೆಯಿಂದ ಹೊರಬಂದರೆ ಎಲ್ಲಿಗೆ ಹೋಗಬೇಕು? ರಸ್ತೆ ಇಳಿಜಾರು, ಕೈತಪ್ಪಿದ ಚೆಂಡು ಕೆಳಗಿನ ತಿರುವಿನವರೆಗೂ ಉರುಳುತ್ತದೆ. ತೋಟಕ್ಕೆ ತಂತಿಬೇಲಿ, ಕಾಡಿಗೆ ಅರಣ್ಯ ಇಲಾಖೆಯ ಫಲಕ, ಶಾಲೆಯ ಮೈದಾನಕ್ಕೆ ಬೀಗ. ನೋಡಲು ಹಸಿರು ಧಾರಾಳವಾಗಿದೆ, ಕಾಲಿಡಲು ಜಾಗವಿಲ್ಲ.

ಲೆಕ್ಕವನ್ನೇ ಹಾಕೋಣ. ನಗರ ಯೋಜನೆಗಾಗಿ ಕೇಂದ್ರ ಸರ್ಕಾರ 2014ರಲ್ಲಿ ಹೊರತಂದ ಮಾರ್ಗಸೂಚಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕೆನ್ನುತ್ತದೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಆ ಹಳೆಯ ಸಂಖ್ಯೆಗೇ ಕನಿಷ್ಠ ಲೆಕ್ಕದಲ್ಲಿ 82 ಎಕರೆ ಬೇಕು. ಬೆಟ್ಟದ ಮೇಲಿನ ಊರಿನಲ್ಲಿ 82 ಎಕರೆ ಸಮತಟ್ಟು ಹುಡುಕುವುದು ಹುಚ್ಚುತನ, ಒಪ್ಪುತ್ತೇನೆ. ಆದರೆ ಈ ಮಾನದಂಡ ನಮಗೆ ಹೊಂದುವುದಿಲ್ಲ ಎಂದು ಪಕ್ಕಕ್ಕಿಟ್ಟವರು ಅದರ ಬದಲಿಗೆ ಬೇರೊಂದನ್ನು ತಂದಿಲ್ಲ. ಮಾನದಂಡವೇ ಇಲ್ಲದಿದ್ದರೆ ಕೊರತೆಯನ್ನು ಅಳೆಯುವುದು ಯಾವುದರಿಂದ?

ಇರುವ ಉದ್ಯಾನಗಳನ್ನು ಎಣಿಸುತ್ತಾ ಹೋದರೆ ಇನ್ನೊಂದು ವಿಷಯ ಬಯಲಾಗುತ್ತದೆ. ಮಡಿಕೇರಿಯ ರಾಜಾಸೀಟ್ ತೋಟಗಾರಿಕೆ ಇಲಾಖೆಯದು. ಕುಶಾಲನಗರದ ಬಳಿ ಕಾವೇರಿಯ ನಡುಗಡ್ಡೆಯಲ್ಲಿರುವ 64 ಎಕರೆಯ ನಿಸರ್ಗಧಾಮ, ದುಬಾರೆಯ ಆನೆ ಶಿಬಿರ, ಹಾರಂಗಿಯ ವೃಕ್ಷೋದ್ಯಾನ ಅರಣ್ಯ ಇಲಾಖೆಯವು. ಜಿಲ್ಲಾ ಕ್ರೀಡಾಂಗಣ ಯುವಜನ ಸೇವಾ ಇಲಾಖೆಯ ಕೈಯಲ್ಲಿದೆ. ಶಾಲಾ ಮೈದಾನಗಳು ಶಿಕ್ಷಣ ಇಲಾಖೆಯವು. ಬಡಾವಣೆಗಳಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ನಗರಾಭಿವೃದ್ಧಿ ಪ್ರಾಧಿಕಾರದಿಂದ ನಗರಸಭೆಗೆ ಹಸ್ತಾಂತರವಾಗುವವರೆಗೆ ಅತ್ತ ಇಲ್ಲ, ಇತ್ತ ಇಲ್ಲ. ಇಷ್ಟು ಇಲಾಖೆಗಳಿದ್ದರೂ ಊರಿನವರ ಸಂಜೆಯ ಒಂದು ಗಂಟೆಯನ್ನು ತನ್ನ ಹೊಣೆಯೆಂದು ಭಾವಿಸುವ ಒಬ್ಬ ಅಧಿಕಾರಿಯೂ ಇಲ್ಲ.

ಹೀಗಿರುವಾಗ ಹಣ ಎತ್ತ ಹರಿಯುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಐದೂವರೆ ಲಕ್ಷ. ವರ್ಷಕ್ಕೆ ಬಂದು ಹೋಗುವ ಪ್ರವಾಸಿಗರು ಅದರ ಹಲವು ಪಟ್ಟು. ಪ್ರವಾಸಿಗ ಟಿಕೆಟ್ ಕೊಳ್ಳುತ್ತಾನೆ, ಫೋಟೊ ತೆಗೆಯುತ್ತಾನೆ, ಇಲಾಖೆಯ ವರದಿಯಲ್ಲಿ ಆದಾಯವಾಗಿ ಕಾಣಿಸಿಕೊಳ್ಳುತ್ತಾನೆ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೊರಡುವ ನಿವೃತ್ತ ಸುಬೇದಾರರು ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಆದ್ದರಿಂದ ‘ಉದ್ಯಾನ ಅಭಿವೃದ್ಧಿ’ ಎಂದೊಡನೆ ಯೋಜನಾ ಪಟ್ಟಿಗೆ ಬರುವುದು ವೀಕ್ಷಣಾ ಗೋಪುರ, ಸೆಲ್ಫಿ ಪಾಯಿಂಟ್, ಗಾಜಿನ ಸೇತುವೆ. ರಾಜಾಸೀಟ್‌ನಲ್ಲಿ ಗಾಜಿನ ಸೇತುವೆ ಕಟ್ಟುವ ಪ್ರಸ್ತಾಪಕ್ಕೆ ಊರಿನಿಂದಲೇ ವಿರೋಧ ಬಂದದ್ದು ಬರೀ ಭೂಕುಸಿತದ ಭಯಕ್ಕಲ್ಲ ಎಂದು ನನ್ನ ಎಣಿಕೆ. ಕೊಡಗಿನ ಅರಸರು ಕುಳಿತು ಸೂರ್ಯಾಸ್ತ ನೋಡುತ್ತಿದ್ದರೆಂಬ ಜಾಗದಲ್ಲಿ ವಾರಾಂತ್ಯದ ಸಂಜೆ ಮಡಿಕೇರಿಯವರಿಗೆ ಕುಳಿತುಕೊಳ್ಳಲು ಕಟ್ಟೆ ಸಿಗದೆ ವರ್ಷಗಳಾಗಿವೆ. ಆ ಅಸಮಾಧಾನವೂ ಅದರಲ್ಲಿ ಸೇರಿದೆ.

ಪ್ರವಾಸಿಗರನ್ನು ಬೈದು ಮುಗಿಸುವುದು ಸುಲಭ. ಬೆಟ್ಟದ ನೆಲವೇ ಒಡ್ಡುವ ತೊಡಕು ಬೇರೆಯೇ ಇದೆ, ಅದನ್ನು ಹತ್ತಿರದಿಂದ ನೋಡಬೇಕು.

ಒಂದು ಹಾಕಿ ಮೈದಾನದ ಅಳತೆ 91.4 ಮೀಟರ್ ಉದ್ದ, 55 ಮೀಟರ್ ಅಗಲ, ಒಂದೂಕಾಲು ಎಕರೆಯಷ್ಟು. ನೂರು ಮೀಟರ್‌ಗೆ ಇಪ್ಪತ್ತು ಮೀಟರ್ ಇಳಿಯುವ ಗುಡ್ಡದ ಮಗ್ಗುಲಲ್ಲಿ ಇದನ್ನು ಅಡ್ಡಲಾಗಿ ಕೂರಿಸಬೇಕು ಎನ್ನಿ. ಮೇಲಂಚಿಗೂ ಕೆಳಂಚಿಗೂ 11 ಮೀಟರ್ ಅಂತರ. ಮೇಲೆ ಐದೂವರೆ ಮೀಟರ್ ಕಡಿದು, ಅದೇ ಮಣ್ಣನ್ನು ಕೆಳಗೆ ಐದೂವರೆ ಮೀಟರ್ ಎತ್ತರಕ್ಕೆ ತುಂಬಬೇಕು. ಹಿಂದೆ ಹೆಚ್ಚುಕಡಿಮೆ ಎರಡಂತಸ್ತಿನ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಮುಂದೆ ಅಷ್ಟೇ ಎತ್ತರದ ಸಡಿಲ ಮಣ್ಣು. ಈಗ ಮಳೆ ಬರಲಿ. ಮಡಿಕೇರಿಗೆ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜುಲೈ ತಿಂಗಳ ಒಂದು ದಿನ 100 ಮಿಲಿಮೀಟರ್ ಸುರಿದರೆ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಅಷ್ಟು ಮಳೆಗೆ ಆ ಒಂದು ಮೈದಾನದ ಮೇಲೆ ಬೀಳುವ ನೀರು ಐದು ಲಕ್ಷ ಲೀಟರ್. ಅದು ಹೋಗುವುದು ಆ ತುಂಬಿದ ಮಣ್ಣಿನೊಳಕ್ಕೆ, ಇಲ್ಲವೇ ಕೆಳಗಿನ ಸಾಲಿನ ಮನೆಗಳ ಹಿತ್ತಿಲಿಗೆ.

ಇದು ಹೆದರಿಸಲು ಹೇಳಿದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಮನೆಗಳು ಜಾರಿದ್ದನ್ನು ಮರೆಯುವ ಹಾಗಿಲ್ಲ. ಆಗ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅತಿಮಳೆಯ ಜೊತೆಗೆ ಎತ್ತಿ ತೋರಿಸಿದ್ದು ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನು. ಅದಾದ ಮೇಲೂ ಜಿಲ್ಲಾಡಳಿತ ಭವನದ ಕೆಳಗೆ ಕಟ್ಟಿದ ತಡೆಗೋಡೆ 2022ರ ಮಳೆಗಾಲದಲ್ಲಿ ಉಬ್ಬಿ ನಿಂತು ಮಂಗಳೂರು ರಸ್ತೆಯ ಸಂಚಾರಕ್ಕೇ ಆತಂಕ ತಂದಿತು. ಜಿಲ್ಲಾಧಿಕಾರಿ ಕಚೇರಿಯ ಗೋಡೆಯ ಗತಿಯೇ ಅದಾದರೆ ವಾರ್ಡಿನ ಉದ್ಯಾನದ ಗೋಡೆಯ ಮೇಲೆ ಎಷ್ಟು ಭರವಸೆ ಇಡಬಹುದು?

ಇದರಿಂದ ಹೊರಡುವ ತೀರ್ಮಾನ ಎರಡು. ಮಡಿಕೇರಿಯಂಥ ಊರಿನಲ್ಲಿ ಹೊಸ ದೊಡ್ಡ ಮೈದಾನ ಕಡಿದು ಮಾಡುವ ಆಸೆ ಬಿಡಬೇಕು. ಹಾಗೆಯೇ ಈಗ ಸಮತಟ್ಟಾಗಿರುವ ಪ್ರತಿಯೊಂದು ಜಾಗವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಮ್ಯಾನ್ಸ್ ಕಾಂಪೌಂಡ್, ಗಾಂಧಿ ಮೈದಾನ, ಕಾಲೇಜಿನ ಮೈದಾನ, ಪ್ರತಿ ಪ್ರಾಥಮಿಕ ಶಾಲೆಯ ಮುಂದಿನ ಅಂಗಳ: ಇವು ಒಮ್ಮೆ ಕಟ್ಟಡದ ಪಾಲಾದರೆ ಮತ್ತೆ ಹುಟ್ಟುವುದಿಲ್ಲ. ಬಯಲುಸೀಮೆಯಲ್ಲಿ ಒಂದು ಮೈದಾನ ಹೋದರೆ ಊರಾಚೆ ಇನ್ನೊಂದು ಸಿಗುತ್ತದೆ. ಇಲ್ಲಿ ಊರಾಚೆ ಇರುವುದು ಕಮರಿ. ಆದರೆ ಹೊಸ ಕಚೇರಿಗೆ, ಸಮುದಾಯ ಭವನಕ್ಕೆ, ವಾಹನ ನಿಲುಗಡೆಗೆ ಜಾಗ ಹುಡುಕುವವರ ಕಣ್ಣು ಮೊದಲು ಬೀಳುವುದು ಸಮತಟ್ಟು ನೆಲದ ಮೇಲೆಯೇ. ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕು ಕೇಂದ್ರಗಳಾದ ಮೇಲೆ ಈ ಹಸಿವು ಇನ್ನಷ್ಟು ಹೆಚ್ಚಿದೆ.

ಹೊಸದಾಗಿ ಮಾಡಬೇಕಾದದ್ದು ಸಣ್ಣವು. ಇಳಿಜಾರನ್ನು ಅದರ ಪಾಡಿಗೆ ಬಿಟ್ಟು, ಅಡ್ಡಡ್ಡಲಾಗಿ ಸಾಗುವ ನಡಿಗೆ ದಾರಿ. ದಾರಿಯ ಬದಿಯಲ್ಲಿ ನಾಲ್ಕು ಜನ ಕೂರುವಷ್ಟು ಮೆಟ್ಟಿಲು ಮೆಟ್ಟಿಲಾದ ಕಟ್ಟೆಗಳು. ಎಲ್ಲೋ ಒಂದು ಕಡೆ ಹತ್ತು ಮೀಟರ್ ಅಗಲದ ತಟ್ಟು, ಮಕ್ಕಳ ಉಯ್ಯಾಲೆಗೆ. ಯೋಜನಾ ಪುಸ್ತಕಗಳಲ್ಲಿ ‘ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿ ಉದ್ಯಾನ’ ಎಂದು ಬರೆದಿರುತ್ತದೆ. ನಾನೂರು ಮೀಟರ್ ಎಂದು ಅದರ ಅರ್ಥ. ಮಡಿಕೇರಿಯಲ್ಲಿ ಆ ನಾನೂರು ಮೀಟರ್ ನಲವತ್ತು ಮೀಟರ್ ಏರನ್ನೂ ಒಳಗೊಂಡಿದ್ದರೆ ಮೊಣಕಾಲು ನೋವಿನ ಅಜ್ಜಿಗೆ ಅದು ಐದು ನಿಮಿಷವೂ ಅಲ್ಲ, ನಡಿಗೆಯೂ ಅಲ್ಲ. ಏರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಊರಿಗೊಂದು ದೊಡ್ಡ ಉದ್ಯಾನಕ್ಕಿಂತ ಕೇರಿಗೊಂದು ಸಣ್ಣ ಕಟ್ಟೆ ಹೆಚ್ಚು ಜನರಿಗೆ ದಕ್ಕುತ್ತದೆ.

ಮಳೆಗಾಲದ ಮಾತನ್ನು ಯಾವ ವಿನ್ಯಾಸಕಾರರೂ ಗಂಭೀರವಾಗಿ ತೆಗೆದುಕೊಂಡಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವರ್ಷದ ಮೂರನೇ ಒಂದು ಭಾಗ ನಮ್ಮ ಉದ್ಯಾನಗಳು ಇದ್ದೂ ಇಲ್ಲದಂತೆ. ಮೈಸೂರಿನ ಮಾದರಿಯಲ್ಲಿ ಹಾಕಿದ ಹುಲ್ಲುಹಾಸು ಕೊಳೆಯುತ್ತದೆ, ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಪಾಚಿ ಕಟ್ಟುತ್ತದೆ, ಬಯಲಿನಲ್ಲಿ ನಿಲ್ಲಿಸಿದ ವ್ಯಾಯಾಮದ ಸಾಧನಗಳ ಬೇರಿಂಗ್ ತುಕ್ಕು ಹಿಡಿದು ಒಂದೇ ಮಳೆಗಾಲಕ್ಕೆ ಕಿರ್ರೆನ್ನತೊಡಗುತ್ತದೆ. ಜಿಗಣೆಯ ಮಾತು ಬಿಡಿ, ಅದು ನಮಗೆ ಅಭ್ಯಾಸ. ಕೊಡಗಿನಲ್ಲಿ ಉದ್ಯಾನವೆಂದರೆ ಮೊದಲು ಒಂದು ಸೂರು: ಗಾಳಿಗೆ ಅಡ್ಡವಾಗಿ ಒಂದು ಬದಿ ಮುಚ್ಚಿದ, ಮೂರು ಬದಿ ತೆರೆದ, ಹೆಂಚಿನ ಮಾಡಿನ ಒಂದು ದೊಡ್ಡ ಚಾವಡಿ. ಒಂದು ಮೂಲೆಯಲ್ಲಿ ಷಟಲ್, ಇನ್ನೊಂದರಲ್ಲಿ ಕೇರಂ, ಗೋಡೆಯ ಪಕ್ಕ ಬೆಂಚು, ದಿನಪತ್ರಿಕೆ. ಗಿಡ ನೆಡುವಾಗಲೂ ಇದೇ ವಿವೇಕ ಬೇಕು. ಸಂಪಿಗೆ, ನೇರಳೆ ಸರಿ. ಸಿದ್ದಾಪುರ, ಅಮ್ಮತ್ತಿಯ ಕಡೆ ಆನೆ ಬರುವ ದಾರಿಯಲ್ಲಿ ಮಾತ್ರ ಉದ್ಯಾನದ ಅಂಚಿಗೆ ಹಲಸು ನೆಟ್ಟರೆ ಹಣ್ಣಾಗುವ ಕಾಲಕ್ಕೆ ಬರುವ ಅತಿಥಿಗಳು ಬೇರೆ.

ಇನ್ನು ಕಾಮಗಾರಿಯ ಕಾಲ. ಅನುದಾನ ಮಂಜೂರಾಗಿ, ಟೆಂಡರ್ ಮುಗಿದು, ಗುತ್ತಿಗೆದಾರ ಜೆಸಿಬಿ ತರುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ. ಮೇ ತಿಂಗಳಲ್ಲಿ ಬರೆ ಕಡಿದು, ಅದು ನೆಲೆಗೊಳ್ಳುವ ಮೊದಲೇ ಜೂನ್ ಮಳೆಗೆ ಒಡ್ಡುವುದಕ್ಕಿಂತ ಕೆಟ್ಟ ವೇಳಾಪಟ್ಟಿಯನ್ನು ಬೇಕೆಂದರೂ ರೂಪಿಸಲಾಗದು. ಬೆಟ್ಟದ ಊರುಗಳಲ್ಲಿ ಮಣ್ಣಿನ ಕೆಲಸ ಅಕ್ಟೋಬರ್‌ನಲ್ಲಿ ಶುರುವಾಗಿ ಫೆಬ್ರುವರಿಗೆ ಮುಗಿಯಬೇಕು ಎಂಬ ಒಂದು ಸಾಲಿನ ಷರತ್ತನ್ನು ಟೆಂಡರ್‌ಗೆ ಸೇರಿಸಲು ಯಾವ ತಜ್ಞ ಸಮಿತಿಯೂ ಬೇಕಿಲ್ಲ.

ಕುಶಾಲನಗರದ ಕಥೆ ತದ್ವಿರುದ್ಧ. ಅಲ್ಲಿ ನೆಲ ಸಮತಟ್ಟು, ಮಳೆ ಮಡಿಕೇರಿಯ ಮೂರನೇ ಒಂದು ಪಾಲಿನಷ್ಟು, ಊರು ವೇಗವಾಗಿ ಬೆಳೆಯುತ್ತಿದೆ. ಮುಳ್ಳುಸೋಗೆಯನ್ನು ಸೇರಿಸಿಕೊಂಡು ಪುರಸಭೆಯೂ ಆಗಿದೆ. ತೊಂದರೆ ಇರುವುದು ಹೊಳೆಯ ದಡದಲ್ಲಿ. 2018, 2019ರಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಜನ ತಾರಸಿ ಹತ್ತಬೇಕಾಯಿತು. ಹೊಳೆ ಉಕ್ಕಿದಾಗ ಹರಡಿಕೊಳ್ಳುವ ಜಾಗವನ್ನು ನಿವೇಶನಗಳಾಗಿ ಮಾರಿದ ಮೇಲೆ ಹೊಳೆಯನ್ನು ದೂರಿ ಫಲವಿಲ್ಲ. ಇಲ್ಲಿ ಉದ್ಯಾನಕ್ಕೆ ಎರಡು ಕೆಲಸ ಕೊಡಬಹುದು. ದಡದ ಉದ್ದಕ್ಕೂ ಇನ್ನೂ ಕಟ್ಟಡ ಏಳದ ತಗ್ಗು ಜಾಗವನ್ನು ಆಟದ ಬಯಲಾಗಿ, ನಡಿಗೆಯ ದಾರಿಯಾಗಿ ಉಳಿಸಿಕೊಂಡರೆ ವರ್ಷದ ಹೆಚ್ಚಿನ ದಿನ ಅದು ಊರಿನದು, ಪ್ರವಾಹ ಬಂದ ನಾಲ್ಕು ದಿನ ಹೊಳೆಯದು. ಫುಟ್‌ಬಾಲ್ ಮೈದಾನ ಮುಳುಗಿದರೆ ಕೆಸರು ತೊಳೆದರಾಯಿತು, ಪಡಸಾಲೆ ಮುಳುಗಿದರೆ ಬದುಕೇ ಮುಳುಗುತ್ತದೆ. ಬಿದಿರು ಮೆಳೆಗಳ ನಡುವಿನ ನಿಸರ್ಗಧಾಮ ಇದನ್ನು ಪ್ರತಿ ಪ್ರವಾಹದಲ್ಲೂ ತೋರಿಸುತ್ತಿದೆ: ನೀರು ಏರಿದಾಗ ಬಾಗಿಲು ಹಾಕುತ್ತಾರೆ, ಇಳಿದ ಮೇಲೆ ತೆರೆಯುತ್ತಾರೆ.

ಕೊಡಗಿಗೆ ಸಾರ್ವಜನಿಕ ಬಯಲು ಹೊಸದೇನೂ ಅಲ್ಲ. ಊರಿಗೊಂದು, ನಾಡಿಗೊಂದು ಮಂದ್ ಇರುತ್ತದೆ. ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ ಕೋಲಾಟ ನಡೆಯುವುದು, ಊರಿನವರು ಸೇರುವುದು ಅಲ್ಲಿಯೇ. ಅದು ಯಾರೊಬ್ಬರ ಆಸ್ತಿಯೂ ಅಲ್ಲ. ಅದರ ಅಂಚಿನ ಮರವನ್ನು ಕಡಿಯಲು ಯಾರಿಗೂ ಕೈ ಬರುವುದಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಕೆಸರುಗದ್ದೆ ಓಟ, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಕೊಯ್ಲಾದ ಗದ್ದೆಯಲ್ಲಿ ಹುಡುಗರ ಹಾಕಿ: ಒಂದೇ ನೆಲ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಆಟಕ್ಕೆ ಒದಗುತ್ತಿತ್ತು. ಈಗ ಗದ್ದೆ ಪಾಳು ಬಿದ್ದಿದೆ, ಇಲ್ಲವೇ ಮಣ್ಣು ತುಂಬಿಸಿಕೊಂಡು ನಿವೇಶನವಾಗಿದೆ. ಮಂದ್‌ಗಳು ಒತ್ತುವರಿಯಾಗುತ್ತಿವೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಪಟ್ಟಣದ ಗಡಿ ಹಿಗ್ಗಿದಂತೆ ಒಳಗೆ ಸೇರಿಹೋಗುವ ಮಂದ್‌ಗಳನ್ನು ಸರ್ವೆ ಮಾಡಿಸಿ, ಮಾಸ್ಟರ್ ಪ್ಲಾನ್‌ನ ನಕ್ಷೆಯಲ್ಲಿ ಬಯಲು ಜಾಗವೆಂದು ಗುರುತಿಸಿದರೆ ಬಿಡಿಗಾಸು ಖರ್ಚಿಲ್ಲದೆ ಸಿಗುವ ಸಮತಟ್ಟು ನೆಲವದು. ಹಾಗೆಂದು ಅಲ್ಲಿ ಕಾಂಕ್ರೀಟ್ ಕಾರಂಜಿ ಹಾಕಿ, ಟಿಕೆಟ್ ಕೌಂಟರ್ ಇಡಲು ಹೊರಟರೆ ಊರಿನವರು ಸುಮ್ಮನಿರುವುದಿಲ್ಲ, ಇರಲೂಬಾರದು. ದೇವರಕಾಡುಗಳ ವಿಷಯದಲ್ಲಿ ಇದು ಇನ್ನೂ ನಿಜ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವು ವಿಹಾರಕ್ಕಲ್ಲ, ಉದ್ಯಾನದ ಕೊರತೆ ತುಂಬಲು ಅವುಗಳ ಕಡೆ ಯಾರೂ ಕೈಚಾಚದಿರಲಿ.

ಹಾಕಿ ಹಬ್ಬದ ಲೆಕ್ಕ ಕುತೂಹಲಕಾರಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಸೇರಿದವು. ಒಂದೊಂದು ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತು, ಮೈದಾನ ಹದಮಾಡಿ, ಗ್ಯಾಲರಿ ಕಟ್ಟಿ, ತಿಂಗಳುಗಟ್ಟಲೆ ಆಟ ನಡೆಸುತ್ತದೆ. ಸರ್ಕಾರ ಅನುದಾನವನ್ನೂ ಕೊಡುತ್ತದೆ. ಹಬ್ಬ ಮುಗಿದ ಮೇಲೆ ಗ್ಯಾಲರಿ ಬಿಚ್ಚುತ್ತಾರೆ. ಜೂನ್‌ನಲ್ಲಿ ಅದೇ ಮೈದಾನ ಕೆಸರು. ಆ ಅನುದಾನದ ಒಂದು ಪಾಲು ಶಾಶ್ವತ ಚರಂಡಿ, ಶೌಚಾಲಯ, ಬೇಲಿಗೆ ಕಡ್ಡಾಯವಾಗಿ ಮೀಸಲಾಗಲಿ ಎಂದರೆ ಹತ್ತು ವರ್ಷದಲ್ಲಿ ಹತ್ತು ಊರಿಗೆ ಒಳ್ಳೆಯ ಮೈದಾನ ಉಳಿಯುತ್ತದೆ. ಅದು ಆಡಲಿಕ್ಕೆ ಕುಟುಂಬದ ಹೆಸರು ಬೇಡದ ಮೈದಾನವಾಗಿರಬೇಕು. ಏಕೆಂದರೆ ಕೊಡಗಿನಲ್ಲಿ ವಿಹಾರ ಯಾವತ್ತೂ ಯಾರಿಗೋ ಸೇರಿದ ಜಾಗದಲ್ಲೇ ನಡೆದುಬಂದಿದೆ: ಬ್ರಿಟಿಷರ ಕಾಲದಿಂದ ಬಂದ ಪ್ಲಾಂಟರ್‌ಗಳ ಕ್ಲಬ್ಬುಗಳು, ಬಿಟ್ಟಂಗಾಲದ ಗಾಲ್ಫ್ ಮೈದಾನ, ಈಗಿನ ರೆಸಾರ್ಟುಗಳು. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೆ ತೋಟದ ಕಣವೇ ಮೈದಾನ, ಅದೂ ಕಾಫಿ ಒಣಗಿಸದ ತಿಂಗಳುಗಳಲ್ಲಿ ಮಾತ್ರ. ಗೋಣಿಕೊಪ್ಪಲಿನ ಭಾನುವಾರದ ಸಂತೆಗೆ ಬರುವ ಅಸ್ಸಾಮಿನ ಕಾರ್ಮಿಕರು ಚೀಲ ಪಕ್ಕಕ್ಕಿಟ್ಟು ಅಂಗಡಿಗಳ ಜಗಲಿಯ ಮೇಲೆ ಕೂರುತ್ತಾರೆ, ಅಂಗಡಿಯವರು ಏಳಿಸುವವರೆಗೆ. ಜಿಲ್ಲೆಯಲ್ಲಿ ಉದ್ಯಾನ ಎಲ್ಲರಿಗಿಂತ ಹೆಚ್ಚು ಬೇಕಿರುವುದು ಇವರಿಗೆ. ಯೋಜನೆಯ ಸಭೆಗೆ ಇವರನ್ನು ಕರೆಯುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ? 1992ರ 74ನೇ ತಿದ್ದುಪಡಿಯ ನಂತರ ಸಂವಿಧಾನದ ಹನ್ನೆರಡನೇ ಅನುಸೂಚಿ ಉದ್ಯಾನ, ಆಟದ ಮೈದಾನಗಳನ್ನು ನಗರಾಡಳಿತದ ಕೆಲಸಗಳ ಸಾಲಿಗೆ ಸೇರಿಸಿದೆ. ನಮ್ಮ 1964ರ ಪುರಸಭೆಗಳ ಕಾಯ್ದೆ ಮಾತ್ರ ಬೀದಿದೀಪ, ಚರಂಡಿಗಳನ್ನು ಕಡ್ಡಾಯವೆಂದು, ಉದ್ಯಾನವನ್ನು ವಿವೇಚನೆಗೆ ಬಿಟ್ಟದ್ದೆಂದು ಬೇರ್ಪಡಿಸಿ ಇಟ್ಟಿದೆ. ವಿವೇಚನೆಗೆ ಬಿಟ್ಟ ಕೆಲಸಕ್ಕೆ ಬಜೆಟ್‌ನಲ್ಲಿ ಏನು ಉಳಿಯುತ್ತದೆ ಎಂಬುದು ಗೊತ್ತಿರುವುದೇ. ಕೇಂದ್ರದ 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ಸಣ್ಣ ನಗರಗಳಿಗೆ ಬಂದದ್ದರ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ರಸ್ತೆ ಗುಂಡಿಯೊಡನೆ ಉದ್ಯಾನ ಪೈಪೋಟಿ ನಡೆಸಬೇಕಿತ್ತು. ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರ ತಂದ 2015ರ ಅಮೃತ್ ಯೋಜನೆಯಲ್ಲಿ ಉದ್ಯಾನಗಳಿಗೆಂದೇ ಶೇ 2.5ರವರೆಗೆ ತೆಗೆದಿಡಲು ಅವಕಾಶವಿತ್ತು. ಆದರೆ ಅದು ಮುಖ್ಯವಾಗಿ ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಮಡಿಕೇರಿ ಆ ಲೆಕ್ಕಕ್ಕೇ ಬರಲಿಲ್ಲ.

ಉಳಿಸಿಕೊಳ್ಳುವ ವಿಷಯದಲ್ಲಿ ಕಾನೂನು ಇಷ್ಟು ಬಡವಾಗಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಅಂಥ ಜಾಗಗಳ ಪಟ್ಟಿ ಮಾಡುವುದೇ ಅದರ ಮೊದಲ ಕೆಲಸ. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಒಪ್ಪಲಿಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಆ ಬಡಾವಣೆಯ ನಿವಾಸಿಗಳಿಗೆ ಇದೆ ಎಂದೂ ಹೇಳಿತು. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶಕ್ಕೇ ಬಿಟ್ಟುಕೊಡಲಾಗದ ಜಾಗವನ್ನು ಪಾರ್ಕಿಂಗಿಗೆ ಬಿಟ್ಟುಕೊಡುವುದು ಹೇಗೆ ಎಂದು ಮಡಿಕೇರಿಯ ನಿವಾಸಿ ಕೇಳಬಹುದು. ಕೇಳಲು ಅವನ ಕೈಯಲ್ಲಿ ಮೊದಲು ಪಟ್ಟಿ ಇರಬೇಕಲ್ಲವೇ.

ಪಟ್ಟಿಯ ಜೊತೆಗೆ ಬಡಾವಣೆಗಳ ನಕ್ಷೆಗಳನ್ನೂ ಬಿಚ್ಚಿ ನೋಡಬೇಕು. ತೋಟ ಭೂಪರಿವರ್ತನೆಯಾಗಿ ನಿವೇಶನಗಳಾದಾಗ ಉದ್ಯಾನಕ್ಕೆಂದು ಒಂದು ಪಾಲು ಬಿಡಲೇಬೇಕು. ಬಿಡುವುದು ಯಾವುದನ್ನು? ಕೊರಕಲಿನ ಪಕ್ಕದ ತುಂಡು, ಮೇಕೆಯೂ ನಿಲ್ಲಲಾಗದ ಬರೆ, ನೀರು ಹರಿಯುವ ತೋಡಿನ ಅಂಚು. ಮಾರಾಟವಾಗದ್ದು ಯಾವುದೋ ಅದು. ಕಾಗದದಲ್ಲಿ ವಿಸ್ತೀರ್ಣ ಸರಿಯಾಗಿರುತ್ತದೆ, ಆದ್ದರಿಂದ ಅನುಮೋದನೆ ಸಿಗುತ್ತದೆ. ಬೆಟ್ಟದ ಜಿಲ್ಲೆಯಲ್ಲಿ ಉದ್ಯಾನದ ಪಾಲನ್ನು ವಿಸ್ತೀರ್ಣದ ಜೊತೆಗೆ ಇಳಿಜಾರಿನಿಂದಲೂ ಅಳೆಯುವ ನಿಯಮ ಬರದೆ ಇದು ನಿಲ್ಲುವುದಿಲ್ಲ. ಬಿಟ್ಟ ಜಾಗದ ಕನಿಷ್ಠ ಅರ್ಧವಾದರೂ ಒಂದು ಮಗು ನಿಂತು ಚೆಂಡು ಎಸೆಯುವಷ್ಟು ತಟ್ಟಾಗಿರಬೇಕು ಎಂದು ಬರೆಯಲಿ. ಉಳಿದ ಅರ್ಧ ಕಡಿದಾಗಿದ್ದರೆ ಅದನ್ನು ಮರಗಳಿಗೆ ಬಿಡಲಿ; ಬೇರು ಹಿಡಿದ ಇಳಿಜಾರಿಗೂ ಊರಿನಲ್ಲಿ ಕೆಲಸವಿದೆ.

ಇವುಗಳಲ್ಲಿ ಯಾವುದಕ್ಕೂ ಕೋಟಿಗಳ ಮಾತಿಲ್ಲ. ಮೊದಲ ಹೆಜ್ಜೆಗೆ ಬೇಕಿರುವುದು ಕಂದಾಯ ಇಲಾಖೆಯ ಒಂದಿಬ್ಬರು ಸರ್ವೇಯರ್‌ಗಳು, ನಗರಸಭೆಯ ಒಬ್ಬ ಎಂಜಿನಿಯರ್, ಪ್ರತಿ ವಾರ್ಡಿನ ಜಾಗಗಳನ್ನು ಬಲ್ಲ ನಾಲ್ಕು ಜನ ಹಿರಿಯರು. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಹೊರಟರೆ ಡಿಸೆಂಬರ್‌ಗೆ ಜಿಲ್ಲೆಯ ಪಟ್ಟಣಗಳ ಬಯಲು ಜಾಗಗಳ ಗಡಿ ಗುರುತಿಸಿ ಕಲ್ಲು ನೆಟ್ಟು, ಖಾತೆಯನ್ನು ಸ್ಥಳೀಯ ಸಂಸ್ಥೆಯ ಹೆಸರಿಗೆ ಮಾಡಿಸಬಹುದು. ಆ ಪಟ್ಟಿಯನ್ನು ನಗರಸಭೆಯ ಸೂಚನಾ ಫಲಕಕ್ಕೂ ಹಾಕಲಿ, ಬಸ್ ನಿಲ್ದಾಣದ ಗೋಡೆಗೂ ಅಂಟಿಸಲಿ. ಗಾಜಿನ ಸೇತುವೆಯ ಕಡತ ಅಲ್ಲಿಯವರೆಗೆ ಕಪಾಟಿನಲ್ಲೇ ಇರಲಿ.